ಹೊಗೆಯ ಬೆವರು

ಒಲೆಯ ಬಾಗಿಲು ತೆರೆದೆ. ಬೇಸಿಗೆಯಿಡೀ ಒಳಗೆ ಕುಳಿತಿದ್ದ ಬೂದಿಯ ವಾಸನೆ ಮೂಗಿಗೆ ಬಂತು. ಒಣಗಿದ ಬೂದಿಗೆ ಅಂಥ ವಾಸನೆಯೇನೂ ಇರುವುದಿಲ್ಲ. ಇಲ್ಲಿ ಬಹರೈನಿನ ಆಗಸ್ಟ್ ತಿಂಗಳ ತೇವ ಕುಡಿದು ಹೆಪ್ಪುಗಟ್ಟಿದ ಬೂದಿಗೆ ಮಾತ್ರ ಅದು ಉಂಟು. ಒದ್ದೆ ಕಂಬಳಿ, ತುಕ್ಕು ಹಿಡಿದ ಮೊಳೆ, ಎಲ್ಲೋ ಒಂಚೂರು ಶುಂಠಿ, ಈ ಮೂರನ್ನೂ ಒಂದು ಡಬ್ಬಿಯಲ್ಲಿ ಹಾಕಿ ಮುಚ್ಚಳ ಮುಚ್ಚಿಟ್ಟ ಹಾಗೆ. ಶುಂಠಿ ಎಲ್ಲಿಂದ ಬಂತು ಎಂದು ನೀವು ಕೇಳುತ್ತೀರಿ. ಶುಂಠಿ ಹಾಕಿದ ಹಾಲು ಉಕ್ಕಿ ಈ ಒಲೆಯ ನೆತ್ತಿಯ ಮೇಲೆ ಚೆಲ್ಲಿದ್ದು ಒಂದು ಸಲವೇ, ಎರಡು ಸಲವೇ. ಉಜ್ಜಿದರೆ ಕಲೆ ಹೋಗುತ್ತದೆ, ವಾಸನೆ ಹೋಗುವುದಿಲ್ಲ.

ಪ್ರತಿ ವರ್ಷ ದೀಪಾವಳಿಯ ಹೊತ್ತಿಗೆ ನಾನು ಈ ಒಲೆಯನ್ನು ಚಳಿಗಾಲಕ್ಕೆ ಸಿದ್ಧ ಮಾಡುತ್ತೇನೆ. ಈ ವರ್ಷ ಸ್ವಲ್ಪ ತಡವಾಗಿದೆ, ಮತ್ತು ಸಿದ್ಧ ಮಾಡುತ್ತಿರುವುದು ಮಾರುವುದಕ್ಕೆ. ಶುಕ್ರವಾರ ಸಂಜೆ ಒಬ್ಬ ಗಿರಾಕಿ ಬರುತ್ತಾನೆ. ಮಾರುವ ವಸ್ತುವನ್ನು ಶುಚಿ ಮಾಡಿ ತೋರಿಸಬೇಕು, ಆದರೆ ಹೊಳೆಯುವಷ್ಟು ಶುಚಿ ಮಾಡಬಾರದು. ತೀರಾ ಹೊಳೆದರೆ ಗಿರಾಕಿಗೆ ಸಂಶಯ ಹುಟ್ಟುತ್ತದೆ. ಇದು ನಾನು ದುಡ್ಡು ಕಳೆದುಕೊಂಡು ಕಲಿತದ್ದು, ನಿಮಗೆ ಪುಕ್ಕಟೆ ಹೇಳುತ್ತಿದ್ದೇನೆ.

ಮಾರುವುದು ಯಾಕೆಂದರೆ ನಾವು ಹೊರಡುತ್ತಿದ್ದೇವೆ. ಸಲ್ಮಾಬಾದಿನಲ್ಲಿದ್ದ ನನ್ನ ಡಕ್ಟ್ ವರ್ಕ್‌ಶಾಪನ್ನು ಬೇರೆಯವರಿಗೆ ವಹಿಸಿಯಾಗಿದೆ. ಕಾರ್ಕಳದಿಂದ ಸ್ವಲ್ಪ ಒಳಗೆ ಮನೆ ಕಟ್ಟಿಸಿಯೂ ಆಗಿದೆ. ಮಗಳು ದೀಪಾ ಮೈಸೂರಿನಲ್ಲಿ ಟೀಚರು, ಅವಳದ್ದೇ ಸಂಸಾರ ಉಂಟು. ಈ ವರ್ಷ ಮುಗಿಯುವುದರೊಳಗೆ ಊರು ಸೇರುವುದೆಂದು ನಾನು ನಿಶ್ಚಯಿಸಿದ್ದೇನೆ. ನಾನು ಅಂದೆ, ನಾವು ಅನ್ನಲಿಲ್ಲ. ಹೆಂಡತಿ ವನಜ ಈ ವಿಷಯದಲ್ಲಿ ಹೂಂ ಅಂದದ್ದಿಲ್ಲ, ಊಹೂಂ ಅಂದದ್ದೂ ಇಲ್ಲ. ಪೆಟ್ಟಿಗೆಗೆ ಹಾಕುವ ಪಾತ್ರೆಗಳನ್ನು ಆರಿಸು ಎಂದರೆ ಆರಿಸುತ್ತಾಳೆ. ಮಾರನೇ ದಿನ ಅವು ಮತ್ತೆ ಶೆಲ್ಫಿನಲ್ಲೇ ಇರುತ್ತವೆ.

ಬಹರೈನಿನಲ್ಲಿ ಕಟ್ಟಿಗೆ ಒಲೆಯೇ ಎಂದು ಊರಿನವರು ನಗುತ್ತಾರೆ. ಗಲ್ಫ್ ಎಂದರೆ ಮೊಟ್ಟೆ ಒಡೆದು ಮರಳಿನ ಮೇಲೆ ಹಾಕಿದರೆ ಬೇಯುತ್ತದೆ ಎಂದು ಅವರ ಲೆಕ್ಕ. ಜುಲೈಯಲ್ಲಿ ಬಂದರೆ ಸರಿಯೇ. ಮಾಳಿಗೆಯ ಟ್ಯಾಂಕಿನ ನೀರು ಮುಟ್ಟಿದರೆ ಕೈ ಸುಡುತ್ತದೆ, ಹಾಗಾಗಿ ನಾವು ಗೀಸರಿನ ಸ್ವಿಚ್ ಆರಿಸಿ ಅದರೊಳಗಿನ ನೀರನ್ನೇ ತಣ್ಣೀರೆಂದು ಸ್ನಾನಕ್ಕೆ ಬಳಸುತ್ತೇವೆ. ಹೊಸದಾಗಿ ಬಂದವರು ಯಾರಾದರೂ ಇದನ್ನು ಓದುತ್ತಿದ್ದರೆ ನೆನಪಿಟ್ಟುಕೊಳ್ಳಿ. ಆದರೆ ಜನವರಿಯಲ್ಲಿ ಉತ್ತರದ ಗಾಳಿ ಬೀಸತೊಡಗಿದರೆ ಕಥೆ ಬೇರೆ. ಥರ್ಮಾಮೀಟರ್ ನೋಡಿದರೆ ಇದೇನು ಮಹಾ ಚಳಿ ಅನಿಸುತ್ತದೆ. ಮನೆ ಕಟ್ಟಿದ್ದು ಮಾತ್ರ ಸೆಕೆಯನ್ನು ಹೊರಗೆ ಓಡಿಸುವುದಕ್ಕೆ: ನೆಲಕ್ಕೆ ಟೈಲು, ಗೋಡೆಗೆ ಒಂಟಿ ಬ್ಲಾಕು, ಎತ್ತರದ ತಾರಸಿ. ಸಮುದ್ರದ ತೇವ ಹೊತ್ತ ಗಾಳಿ ಬಾಗಿಲಿನ ಸಂದಿಯಿಂದ ನುಗ್ಗಿ ಪಾದದಿಂದ ಏರುತ್ತದೆ. ಎರಡು ಜೊತೆ ಸಾಕ್ಸ್ ಹಾಕಿದರೂ ಹಿಮ್ಮಡಿ ನಿಮ್ಮದಲ್ಲ.

ಅಂಥದೊಂದು ಚಳಿಗೇ ವನಜ ಇಲ್ಲಿಗೆ ಮೊದಲ ಸಲ ಬಂದದ್ದು, ದೀಪಾಳನ್ನು ಸೊಂಟದಲ್ಲಿ ಎತ್ತಿಕೊಂಡು. ಆಗ ನನಗೆ ಸ್ವಂತ ವರ್ಕ್‌ಶಾಪ್ ಇರಲಿಲ್ಲ. ಇನ್ನೊಬ್ಬರಲ್ಲಿ ತಗಡು ಮಡಚುವ ಕೆಲಸ. ಎಸಿಯ ತಂಪು ಗಾಳಿ ಕೋಣೆಯಿಂದ ಕೋಣೆಗೆ ಹೋಗುವ ತಗಡಿನ ಕೊಳವೆಗೆ ನಾವು ಡಕ್ಟ್ ಎನ್ನುತ್ತೇವೆ, ಅದನ್ನು ಮಾಡುವುದು. ಬೆಳಗಾಗುವ ಮೊದಲೇ ಕಂಪನಿಯ ವ್ಯಾನು ಬಂದು ಹಾರ್ನ್ ಹಾಕುತ್ತಿತ್ತು, ಕತ್ತಲಾದ ಮೇಲೆ ತಂದು ಬಿಡುತ್ತಿತ್ತು. ಟುಬ್ಲಿಯ ಒಂದು ಹಳೆಯ ಗಲ್ಲಿಯಲ್ಲಿ, ಗ್ಯಾರೇಜುಗಳ ಹಿಂದೆ, ಮಹಡಿಯ ಮೇಲಿನ ಎರಡು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಕೆಳಗೆ ಮನೆಯೊಡತಿ. ವನಜ ದಿನವಿಡೀ ಕಿಟಕಿಯ ಬಳಿ ನಿಂತಿರುತ್ತಿದ್ದಳು. ಕಿಟಕಿಯಿಂದ ಕಾಣುವುದು ಟಯರುಗಳ ಒಂದು ರಾಶಿ. ನಾನು ಬಂದಾಗ ಮಾತಾಡಲಿಕ್ಕೆ ಅವಳಲ್ಲಿ ಮಾತೇ ಉಳಿದಿರುತ್ತಿರಲಿಲ್ಲ. ಮಾತು ಖರ್ಚಾಗಿ ಅಲ್ಲ, ಹುಟ್ಟದೇ.

ಒಂದು ಸಂಜೆ ಊಟಕ್ಕೆ ಬಡಿಸುತ್ತ, ನನ್ನ ಮುಖ ನೋಡದೆ ಹೇಳಿದಳು: “ನನ್ನನ್ನು ಊರಿಗೆ ಕಳಿಸಿ. ನೀವು ವರ್ಷಕ್ಕೊಮ್ಮೆ ಬನ್ನಿ. ಎಷ್ಟು ಜನರ ಗಂಡಂದಿರು ಹಾಗೇ ಅಲ್ವಾ ಇರುವುದು.”

ಜಗಳವಾಡಿದ್ದರೆ ಸುಲಭವಿತ್ತು. ಜಗಳ ಎಂದರೆ ಚೌಕಾಶಿಗೆ ಜಾಗ ಉಂಟು ಎಂದು ಅರ್ಥ. ಅವಳು ಹೇಳಿದ್ದು ಕೊನೆಯ ರೇಟು ಹೇಳುವವರ ದನಿಯಲ್ಲಿ. ನಾನು ನನಗೆ ಗೊತ್ತಿದ್ದ ಒಂದೇ ಉಪಾಯ ಮಾಡಿದೆ, ಮುಂದೂಡಿದೆ. “ಈ ಚಳಿ ಒಂದು ಕಳೆಯಲಿ. ಆಮೇಲೆ ನೋಡುವ” ಎಂದೆ. ವ್ಯಾಪಾರದಲ್ಲಿ ಇದಕ್ಕಿಂತ ಒಳ್ಳೆಯ ಮಾತಿಲ್ಲ. ಒಪ್ಪಿದ ಹಾಗೂ ಅಲ್ಲ, ಬಿಟ್ಟ ಹಾಗೂ ಅಲ್ಲ, ಬಾಗಿಲು ಮುಚ್ಚುವುದಿಲ್ಲ. 

ಈಗ ಮನೆಯೊಡತಿಯ ವಿಷಯ. ಹೆಸರು ಉಮ್ ಜಾಸಿಮ್, ಎಂದರೆ ಜಾಸಿಮನ ತಾಯಿ. ಇಲ್ಲಿಯ ಕ್ರಮ ಹಾಗೆ, ಮೊದಲ ಮಗುವಿನ ಹೆಸರಿನಿಂದ ಅಪ್ಪ ಅಮ್ಮನನ್ನು ಕರೆಯುವುದು. ಆ ಲೆಕ್ಕದಲ್ಲಿ ನಾನು ಅವಳಿಗೆ ಬೂ ದೀಪಾ, ವನಜ ಉಮ್ ದೀಪಾ. ದಪ್ಪ ಹೆಂಗಸು, ಮೊಣಕಾಲು ನೋವು, ಕಣ್ಣು ಮಾತ್ರ ಹದ್ದಿನದು. ಹಳೆಯ ತಲೆಮಾರಿನ ಇಲ್ಲಿಯವರಿಗೆ ಬರುವಂಥ ಹಿಂದಿ ಅವಳಿಗೆ ಬರುತ್ತಿತ್ತು, ಅರ್ಧಕ್ಕರ್ಧ ಅರಬ್ಬಿ ಬೆರೆಸಿ. ನನ್ನ ಹಿಂದಿಯೂ ಅದೇ ದರ್ಜೆಯದಾದ್ದರಿಂದ ನಮಗೆ ತೊಂದರೆಯಾಗಲಿಲ್ಲ.

ನಾನು ಜೀವನದಲ್ಲಿ ಕಂಡ ಅತ್ಯಂತ ದೊಡ್ಡ ಚೌಕಾಶಿಗಾರ್ತಿ ಅವಳು. ನಾನು ಬಾಡಿಗೆ ಇಳಿಸಲು ಹೋದಾಗ, ನನ್ನ ರೇಟು ಕೇಳಿ ಅವಳು ಒಂದೂ ಮಾತಾಡಲಿಲ್ಲ. ಚಹಾ ಬಗ್ಗಿಸಿದಳು. ನಾನು ಕುಡಿದೆ. ಮತ್ತೆ ಬಗ್ಗಿಸಿದಳು. ಸುಮ್ಮನೆ ಕುಳಿತಳು. ಆ ಮೌನವನ್ನು ತಾಳಲಾರದೆ ನನ್ನ ರೇಟನ್ನು ನಾನೇ ಏರಿಸಿದೆ. ಮೆಟ್ಟಿಲು ಹತ್ತುವಾಗಷ್ಟೇ ಏನಾಯಿತೆಂದು ನನಗೆ ಗೊತ್ತಾದದ್ದು. ಮೊದಲು ಬಾಯಿ ಬಿಟ್ಟವನು ಸೋತ. ಅವತ್ತಿನಿಂದ ನಾನೂ ಗಿರಾಕಿಗಳಿಗೆ ಚಹಾ ಕೊಡತೊಡಗಿದೆ. ನನ್ನ ವರ್ಕ್‌ಶಾಪ್ ನಿಂತದ್ದು ಅರ್ಧ ತಗಡಿನ ಮೇಲಾದರೆ ಅರ್ಧ ಆ ಚಹಾದ ಮೇಲೆ.

ವನಜ ಊರಿನ ಟಿಕೆಟ್ ಕೇಳಿದ ಕೆಲವೇ ದಿನಕ್ಕೆ ದೀಪಾಳಿಗೆ ಕೆಮ್ಮು ಹಿಡಿಯಿತು. ಮೇಲಿನ ಕೆಮ್ಮು ಕೆಳಗೆ ಕೇಳಿಸಿತು. ಉಮ್ ಜಾಸಿಮ್ ಮೆಟ್ಟಿಲ ಬುಡದಲ್ಲಿ ನಿಂತು, ಮಗುವನ್ನು ಕೆಳಗೆ ಎತ್ತಿಕೊಂಡು ಬಾ ಎಂದು ಗದರಿದಳು. ಅವಳ ಹಜಾರದಲ್ಲಿ ಒಂದು ಅಗ್ಗಿಷ್ಟಿಕೆ ಇತ್ತು, ಕಾಲಿರುವ ಕಬ್ಬಿಣದ ತಟ್ಟೆ, ಅದರ ತುಂಬ ಇದ್ದಿಲ ಕೆಂಡ. ಸುತ್ತ ಗಲ್ಲಿಯ ಹೆಂಗಸರು. ಕೆಂಡದ ಬದಿಯಲ್ಲಿ ಶುಂಠಿ ಹಾಕಿದ ಹಾಲು ಕುದಿಯುತ್ತಿತ್ತು. ಎದುರು ಮನೆಯವಳೊಬ್ಬಳು ಅಂಗೈಗಳನ್ನು ಕೆಂಡಕ್ಕೆ ಹಿಡಿದು ಬಿಸಿ ಮಾಡಿ ಮಗುವಿನ ಎದೆಗೆ ಒತ್ತುತ್ತಿದ್ದಳು, ಮತ್ತೆ ಕೆಂಡಕ್ಕೆ, ಮತ್ತೆ ಎದೆಗೆ. ನಮ್ಮ ಕಡೆ ಬಾಣಂತಿ ಕೋಣೆಯಲ್ಲಿ ಮಾಡುತ್ತಾರಲ್ಲ, ಅದೇ. ವನಜ ನೋಡಿದಳು, ಬಗ್ಗಿ ತಾನೂ ಅಂಗೈ ಹಿಡಿದಳು. ನಾನು ಬಾಗಿಲಲ್ಲಿ ನಿಂತಿದ್ದವನು ಹೆಂಗಸರ ಕೂಟವೆಂದು ಹಿಂದೆ ಸರಿದೆ. ಮೆಟ್ಟಿಲ ಮೇಲಿರುವಾಗ ಅವಳ ನಗು ಕೇಳಿಸಿತು. ಯಾಕೆ ನಕ್ಕಳೋ. ಕೇಳಿದರೆ ಅವಳಿಗೂ ನೆನಪಿಲ್ಲ.

ಅಲ್ಲಿಂದ ಅವಳು ಸಂಜೆಯಾದರೆ ಕೆಳಗೆ. ಟಿಕೆಟಿನ ಮಾತು ನಿಂತಿತು. ನಾನು ಒಳಗೊಳಗೇ ಬೀಗುತ್ತಿದ್ದೆ, ಮುಂದೂಡಿದ್ದು ಫಲಿಸಿತು ಎಂದು.

ಆಮೇಲೆ ಒಂದು ಸಂಜೆ ಅಲ್ಲಿದ್ದವರಿಗೆಲ್ಲ ತಲೆನೋವು, ಇಬ್ಬರಿಗೆ ವಾಂತಿ. ಉಮ್ ಜಾಸಿಮ್ ಏಳಲು ಹೋಗಿ ಕುಸಿದಳು. ವನಜ ಕಿಟಕಿಗಳನ್ನು ತೆರೆದು ಅವಳನ್ನು ಅಂಗಳಕ್ಕೆ ಎಳೆದು ತಂದಳಂತೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ, ಇನ್ನೇನಾಗುತ್ತದೆ? ಅದು ಬಿಡುವ ವಿಷಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮಲಗಿದವರು ಏಳುವುದಿಲ್ಲ. ದಯವಿಟ್ಟು ನಿಮ್ಮ ಮನೆಯಲ್ಲಿ ಯಾರೂ ಹಾಗೆ ಕೆಂಡ ಇಡಬೇಡಿ. ಡಾಕ್ಟರು ಬೈದರು. ಮಗ ಜಾಸಿಮ್ ಬಂದು ಅಗ್ಗಿಷ್ಟಿಕೆಯನ್ನು ಎತ್ತಿಕೊಂಡು ಹೋದ. ಅದರ ಜಾಗದಲ್ಲಿ ಎರಡು ಕೆಂಪು ಸರಳುಗಳ ಕರೆಂಟ್ ಹೀಟರ್ ಇಟ್ಟ.

ಹೀಟರಿನ ಮೇಲೆ ನನಗೆ ದ್ವೇಷವಿಲ್ಲ, ಆದರೆ ಅದಕ್ಕೆ ಒಂದೇ ಮುಖ. ಅದರ ಸುತ್ತ ಕುಳಿತುಕೊಳ್ಳಲಾಗುವುದಿಲ್ಲ, ಮುಂದೆ ಸಾಲಾಗಿ ಕೂರಬೇಕು, ಡಾಕ್ಟರ ಕ್ಲಿನಿಕ್ಕಿನಲ್ಲಿ ಕೂತ ಹಾಗೆ. ಕೆದಕಲಿಕ್ಕಿಲ್ಲ, ಊದಲಿಕ್ಕಿಲ್ಲ, ಹಾಲು ಇಡಲಿಕ್ಕಿಲ್ಲ. ಹೆಂಗಸರು ಕೆಲವು ದಿನ ಬಂದರು, ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಕೆಲಸ ನೆನಪಾಯಿತು. ವನಜ ಮತ್ತೆ ಕಿಟಕಿಗೆ ಹೋಗಿ ನಿಂತಳು. ಆ ವಾರದಲ್ಲೇ ಕೇಳಿದಳು, ಟಿಕೆಟ್ ಯಾವಾಗ ಮಾಡಿಸುತ್ತೀರಿ ಎಂದು.

ಆಗ ನಾನು ಒಲೆ ಮಾಡಿದೆ.

ಪ್ರೀತಿಯಿಂದ ಎಂದು ಬರೆದರೆ ವನಜ ಓದಿ ನಗುತ್ತಾಳೆ. ಉಮ್ ಜಾಸಿಮಳ ಮುಂದೆ ನಾನು ಅದನ್ನು ವ್ಯಾಪಾರದ ಹಾಗೇ ಇಟ್ಟೆ. ಹೊಗೆ ಕೋಣೆಗೆ ಬರದೆ ಪೈಪಿನಲ್ಲಿ ಹೊರಗೆ ಹೋಗುವ ಕಟ್ಟಿಗೆ ಒಲೆ ಮಾಡಿಕೊಡುತ್ತೇನೆ, ನೀನು ಬಾಡಿಗೆ ಏರಿಸಬಾರದು. ಅವಳು ಚಹಾ ಬಗ್ಗಿಸಿದಳು. ಈ ಸಲ ನಾನೂ ಸುಮ್ಮನೆ ಕುಳಿತೆ. ಎಷ್ಟೋ ಹೊತ್ತಿನ ಮೇಲೆ ಅವಳೇ ಬಾಯಿ ಬಿಟ್ಟಳು. ಹೊಗೆ ಬಂದರೆ ನೀನು ಒಲೆಯನ್ನು ತಲೆಯ ಮೇಲೆ ಹೊತ್ತುಕೊಂಡು ಹೋಗಬೇಕು. ಬಾರದಿದ್ದರೆ ನೀನು ಈ ಮನೆಯಲ್ಲಿರುವಷ್ಟು ವರ್ಷ ಚಳಿಗೆ ಮೊದಲು ಅದನ್ನು ನೀನೇ ಬಿಚ್ಚಿ, ಗುಡಿಸಿ, ಜೋಡಿಸಿ ಕೊಡಬೇಕು. ಹಾಗಿದ್ದರೆ ಬಾಡಿಗೆ ಏರುವುದಿಲ್ಲ. ಗೆದ್ದೆನೆಂದು ಮೆಟ್ಟಿಲು ಹತ್ತಿದೆ. ಮೇಲೆ ತಲುಪುವಾಗ ಗೊತ್ತಾಯಿತು, ಅವಳಿಗೆ ಒಲೆಯೂ ಪುಕ್ಕಟೆ, ಅದನ್ನು ಗುಡಿಸುವವನೂ ಪುಕ್ಕಟೆ.

ಸಲ್ಮಾಬಾದಿನ ಗುಜರಿಯಲ್ಲಿ ದಪ್ಪ ಕಬ್ಬಿಣದ ಅಗಲವಾದ ಪೈಪಿನ ತುಂಡೊಂದು ಸಿಕ್ಕಿತು, ಯಾವುದೋ ಕಾರ್ಖಾನೆಯದು. ಅದೇ ಒಲೆಯ ಹೊಟ್ಟೆ. ಕೆಳಗೆ ತಟ್ಟೆ, ಮೂರು ಕಾಲು, ಮುಂದೆ ಬಾಗಿಲು, ಮೇಲೆ ಪಾತ್ರೆ ಇಡಲು ಸಮತಟ್ಟು. ಹೊಗೆ ಪೈಪಿಗೆ ಕಪ್ಪು ತಗಡು. ಸತು ಹಚ್ಚಿದ ಬಿಳಿ ತಗಡನ್ನು ಬೆಂಕಿಯ ಹತ್ತಿರ ತರಬೇಡಿ, ಕಾದರೆ ವಿಷದ ಹೊಗೆ ಬಿಡುತ್ತದೆ. ನಮ್ಮ ಕಸುಬಿನವರಿಗೆ ಇದು ಗೊತ್ತು. ಪೈಪನ್ನು ತುಂಡು ತುಂಡು ಮಾಡಿ, ಒಂದರ ಬಾಯಿಯನ್ನು ಸುಕ್ಕುಗಟ್ಟಿಸಿ ಇನ್ನೊಂದರೊಳಗೆ ತೂರಿಸಿದೆ. ಡಕ್ಟ್ ಕೆಲಸದ ಮೊದಲ ಪಾಠ: ಗಾಳಿ ಯಾವ ಕಡೆ ಹೋಗುತ್ತದೋ ಆ ಕಡೆಗೆ ಸುಕ್ಕಿನ ಬಾಯಿ. ಹೊಗೆ ಹೋಗುವುದು ಮೇಲಕ್ಕೆ. ಹಾಗಾಗಿ ಕೆಳಗಿನ ತುಂಡನ್ನು ಮೇಲಿನದರ ಒಳಗೆ ತೂರಿಸಿದೆ. ಕಿಟಕಿಯ ಒಂದು ಗಾಜು ತೆಗೆದು, ತಗಡು ಹಾಕಿ, ತೂತು ಕೊರೆದು ಪೈಪನ್ನು ಹೊರಗೆ ದಾಟಿಸಿದೆ. ತುದಿಗೆ ಟೊಪ್ಪಿ.

ಮೊದಲ ಬೆಂಕಿಗೆ ಎಲ್ಲರೂ ಬಂದರು. ಕೋಣೆಯಲ್ಲಿ ಒಂದು ಎಳೆ ಹೊಗೆಯಿಲ್ಲ. ಪೈಪಿನೊಳಗೆ ಗಾಳಿ ಗುಂಯ್ ಎನ್ನುತ್ತಿತ್ತು. ಉಮ್ ಜಾಸಿಮ್ ಮೆಚ್ಚಿದಳೆಂದು ಹೇಳಲಾರೆ, ಆದರೆ ನನಗೆ ಹಾಲು ಕೊಟ್ಟಳು. ವನಜ ಮಗುವನ್ನು ಮಡಿಲಲ್ಲಿಟ್ಟುಕೊಂಡು ತನ್ನ ಹಳೆಯ ಜಾಗದಲ್ಲಿ ಕುಳಿತಳು.

ಹೆಚ್ಚು ದಿನವಾಗಲಿಲ್ಲ. ಕೆಲಸದಿಂದ ಬಂದು ನೋಡುತ್ತೇನೆ, ಪೈಪಿನ ಪ್ರತಿ ಜಾಯಿಂಟಿನಿಂದ ಕಪ್ಪು ರಸ ಸುರಿಯುತ್ತಿದೆ. ಡಾಮರಿನ ಹಾಗೆ, ವಾಸನೆ ಇನ್ನೂ ಕೆಟ್ಟದು. ಗೋಡೆಯ ಮೇಲೆ ಉದ್ದುದ್ದ ಗೆರೆ, ಉಮ್ ಜಾಸಿಮಳ ಕೆನೆಬಣ್ಣದ ಪರದೆಯ ಮೇಲೆ ಚುಕ್ಕೆ. ಹೆಂಗಸರೆಲ್ಲ ಪೈಪನ್ನು ನೋಡುತ್ತಿದ್ದಾರೆ. ಉಮ್ ಜಾಸಿಮ್ ನನ್ನ ತಲೆಯನ್ನು ನೋಡುತ್ತಿದ್ದಾಳೆ, ಒಲೆ ಹೊರಲು ಅಳತೆ ಸರಿಯುಂಟೋ ಎಂದು. ನಾನು ಜಾಯಿಂಟುಗಳನ್ನು ಮುಟ್ಟಿ ಮುಟ್ಟಿ ನೋಡಿದೆ. ಎಲ್ಲ ಬಿಗಿಯೇ ಇತ್ತು. ಎಂತ ಆಗಿದೆಯೋ ಗೊತ್ತಾಗುವುದಿಲ್ಲ ಎಂದು ನಮ್ಮ ಭಾಷೆಯಲ್ಲಿ ಗೊಣಗಿದೆ.

ಪರದೆ ಒರೆಸುತ್ತಿದ್ದ ವನಜ ತಲೆಯೆತ್ತಿ ಪೈಪನ್ನು ನೋಡಿದಳು. “ಹೊಗೆ ಮೇಲೆ ಹೋಗ್ತದೆ, ಸರಿ” ಎಂದಳು. “ಅದರ ಬೆವರು ಎಲ್ಲಿಗೆ ಹೋಗ್ತದೆ ಮಾರಾಯ್ರೇ?”

ನಾನು ಸ್ಟೂಲಿನ ಮೇಲೆ ನಿಂತವನು ಹಾಗೇ ನಿಂತೆ. ತಣ್ಣಗಿನ ಪೈಪಿಗೆ ತಾಗಿದ ಹೊಗೆ ಬೆವರುತ್ತದೆ. ಬೆವರು ಇಳಿಯುವುದು ಕೆಳಕ್ಕೆ. ಪೈಪಿನ ಒಳಗೋಡೆಯಲ್ಲಿ ಇಳಿದು ಬಂದದ್ದಕ್ಕೆ ಪ್ರತಿ ಜಾಯಿಂಟಿನಲ್ಲೂ ನಾನೇ ಹೊರಗೆ ದಾರಿ ಮಾಡಿಕೊಟ್ಟಿದ್ದೆ. ಮೇಲಿನ ತುಂಡು ಕೆಳಗಿನದರ ಒಳಗೆ ಕೂರಬೇಕಿತ್ತು. ಆಗ ರಸ ಒಳಗಿಂದೊಳಗೇ ಇಳಿದು ಬೆಂಕಿಗೆ ಬಿದ್ದು ಸುಟ್ಟುಹೋಗುತ್ತಿತ್ತು. ತಂಪು ಗಾಳಿಯನ್ನು ಒಳಗೆ ತರುವುದನ್ನೇ ಕಲಿತವನಿಗೆ ಹೊಗೆಯನ್ನು ಹೊರಗೆ ಕಳಿಸುವ ಬುದ್ಧಿ ಎಲ್ಲಿಂದ ಬರಬೇಕು? ಡಕ್ಟಿನವರನ್ನು ಬಿಟ್ಟು ಬೇರೆ ಯಾರೂ ಮಾಡಲಾರದ ತಪ್ಪನ್ನು ನಾನು ಅಷ್ಟು ನಾಜೂಕಾಗಿ ಮಾಡಿದ್ದೆ.

ಏನು ಹೇಳಿದಳು, ಏನು ಹೇಳಿದಳು ಎಂದು ಉಮ್ ಜಾಸಿಮ್ ಕೇಳತೊಡಗಿದಳು. ನಾನು ಅನುವಾದಿಸುವ ಮೊದಲೇ ವನಜ ಒಂದು ಕೈಯನ್ನು ಮೇಲಕ್ಕೆ ತೋರಿಸಿ, ಇನ್ನೊಂದನ್ನು ಕೆಳಕ್ಕೆ ತೋರಿಸಿ, ಆ ಹಜಾರದಲ್ಲಿ ಹೆಕ್ಕಿಕೊಂಡಿದ್ದ ನಾಲ್ಕು ಶಬ್ದ ಸೇರಿಸಿ ಹೇಳಿದಳು: “ದುಖ್ಖಾನ್ ಫೋಗ್, ಮಾಯ್ ತಹತ್.” ಹೊಗೆ ಮೇಲೆ, ನೀರು ಕೆಳಗೆ. ಅವಳು ಈ ದೇಶದ ಭಾಷೆಯಲ್ಲಿ ಆಡಿದ ಮೊದಲ ಪೂರ್ತಿ ಮಾತು ಅದು. ಹೆಂಗಸರು ಚಪ್ಪಾಳೆ ತಟ್ಟಿ ನಕ್ಕರು. ಉಮ್ ಜಾಸಿಮ್ ಕಣ್ಣೊರೆಸಿಕೊಂಡು, “ಬೂ ದೀಪಾ, ಇನ್ನು ಮೇಲೆ ನಿನ್ನ ಕಂಪನಿಗೆ ಇವಳನ್ನು ಕಳಿಸು. ನೀನು ಇಲ್ಲಿ ಕುಳಿತು ಹಾಲು ಕಾಯಿಸು” ಎಂದಳು. ನಾನು ಪೈಪುಗಳನ್ನು ಬಿಚ್ಚಿ ತಲೆಕೆಳಗು ಮಾಡಿ ಜೋಡಿಸಿದೆ, ಆಮೇಲೆ ಗೋಡೆಗೆ ಬಣ್ಣವನ್ನೂ ಬಳಿದೆ. ಆ ಚಳಿ ಕಳೆಯಿತು. ಟಿಕೆಟಿನ ಮಾತನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಅಂದಿನಿಂದ ವರ್ಷಕ್ಕೊಮ್ಮೆ ಈ ಕೆಲಸ. ದೀಪಾವಳಿಯ ಹಿಂದಿನ ದಿನ ನಮ್ಮಲ್ಲಿ ಬಚ್ಚಲ ಹಂಡೆಯನ್ನು ತಿಕ್ಕಿ, ಬಿಳಿ ಗೆರೆ ಎಳೆದು, ಬಳ್ಳಿ ಸುತ್ತಿ ನೀರು ತುಂಬುತ್ತಾರಲ್ಲ. ಇಲ್ಲಿ ಹಂಡೆಯಿಲ್ಲದ್ದಕ್ಕೆ ವನಜ ಮೊದಲ ದೀಪಾವಳಿಗೆ ಗೀಸರಿಗೇ ಮಲ್ಲಿಗೆ ಸುತ್ತಿದಳು. ಹೇಗೂ ಅದೇ ದಿನ ನಾನು ಒಲೆಯನ್ನು ಶುಚಿ ಮಾಡುವುದು, ಅದಕ್ಕೂ ಸೀಮೆಸುಣ್ಣದಲ್ಲಿ ಗೆರೆ ಎಳೆಯಲೇ ಎಂದು ಉಮ್ ಜಾಸಿಮಳನ್ನು ಕೇಳಿದಳು. ವನಜ ಗೆರೆ ಎಳೆಯುವುದನ್ನು ಕೊನೆಯವರೆಗೂ ನೋಡಿದ ಉಮ್ ಜಾಸಿಮ್ ಒಲೆಯನ್ನು ತೋರಿಸಿ, ಮಾಷಾ ಅಲ್ಲಾ, ಈ ಕಪ್ಪು ಹುಡುಗಿಗೂ ಮದುವೆಯಾಯಿತು ಎಂದಳಂತೆ. ಮರುವರ್ಷ ಸೀಮೆಸುಣ್ಣವನ್ನು ತಾನೇ ತರಿಸಿಟ್ಟಿದ್ದಳು.

ಕೆಲಸದ ಕ್ರಮ ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾದೀತು. ಪೈಪುಗಳನ್ನು ಬಿಚ್ಚಿ ಮಾಳಿಗೆಗೆ ಒಯ್ಯಿರಿ, ಕೋಣೆಯಲ್ಲಿ ಕುಟ್ಟಿದರೆ ಮಸಿ ಮುಂದಿನ ಚಳಿಯವರೆಗೂ ನಿಮ್ಮ ಜೊತೆಗಿರುತ್ತದೆ. ಗುಡಿಸಲು ನಾನು ಊರಿನಿಂದ ತಂದ ತೆಂಗಿನ ನಾರನ್ನು ಕೋಲಿಗೆ ಕಟ್ಟಿಕೊಳ್ಳುತ್ತೇನೆ. ಟೊಪ್ಪಿಯೊಳಗೆ ಹಕ್ಕಿಯ ಗೂಡು ಇದ್ದೇ ಇರುತ್ತದೆ, ಖಾಲಿಯೋ ನೋಡಿ ತೆಗೆಯಿರಿ, ಜಾಲರಿ ಹೊಸದು ಹಾಕಿ. ಬಾಗಿಲಿನ ಸುತ್ತ ಹಗ್ಗದಂಥ ಬಿಗಿಪಟ್ಟಿ ಇರುತ್ತದೆ. ಬಾಗಿಲಿಗೆ ಒಂದು ಕಾಗದದ ಚೂರು ಸಿಕ್ಕಿಸಿ ಮುಚ್ಚಿ ಎಳೆಯಿರಿ. ಸಲೀಸಾಗಿ ಬಂದರೆ ಹಗ್ಗ ಸತ್ತಿದೆ ಎಂದರ್ಥ. ಬೂದಿಯನ್ನು ಪೂರ್ತಿ ಬಳಿಯಬೇಡಿ, ತಳದಲ್ಲಿ ಒಂದು ಹಾಸು ಬಿಡಿ, ಬೆಂಕಿ ಅದರ ಮೇಲೆ ಚೆನ್ನಾಗಿ ಕೂರುತ್ತದೆ. ಕಟ್ಟಿಗೆಯನ್ನು ಚಳಿಗಾಲದ ಮೋಜಿಗೆ ಮರುಭೂಮಿಯಲ್ಲಿ ಡೇರೆ ಹಾಕುವವರು ಪಿಕಪ್ ತೆಗೆಯುವ ಮೊದಲೇ ಕೊಳ್ಳಿ, ಆಮೇಲೆ ರೇಟು ನಿಮ್ಮ ಕೈಯಲ್ಲಿರುವುದಿಲ್ಲ. ಸಮರ್ ಎಂದು ಇಲ್ಲಿಯವರು ಹೇಳುವ ಜಾಲಿ ಜಾತಿಯ ಕಟ್ಟಿಗೆ ಒಳ್ಳೆಯದು. ಎರಡು ತುಂಡು ಒಂದಕ್ಕೊಂದು ಬಡಿದು ಕೇಳಿ, ಟಣ್ ಎಂದರೆ ಒಣಗಿದೆ, ದಬ್ ಎಂದರೆ ಬಿಟ್ಟುಬಿಡಿ. ಖರ್ಜೂರದ ಮರ ಬರೀ ಹೊಗೆ. ಸಮುದ್ರದ ದಂಡೆಯಲ್ಲಿ ಪುಕ್ಕಟೆ ಸಿಗುವ ಮರದ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಮತ್ತು ಎಂಥ ಒಳ್ಳೆಯ ಒಲೆಯಿದ್ದರೂ ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ. ಇದನ್ನು ಮರೆತರೆ ಉಳಿದದ್ದೆಲ್ಲ ವ್ಯರ್ಥ.

ಉಮ್ ಜಾಸಿಮ್ ತೀರಿಹೋದದ್ದು ಒಂದು ಬೇಸಿಗೆಯಲ್ಲಿ, ನಾವು ಊರಿಗೆ ರಜೆ ಹೋಗಿದ್ದಾಗ. ಬಂದು ನೋಡಿದರೆ ಕೆಳಗೆ ಜಾಸಿಮ್ ಹೊಸ ಟೈಲು ಹಾಕಿಸುತ್ತಿದ್ದ, ಒಲೆ ಅಂಗಳದಲ್ಲಿತ್ತು. ಒಳ್ಳೆಯ ಹುಡುಗ, ಕೇಳಿದೊಡನೆ ಕೊಟ್ಟ. ನಾನು ಅದನ್ನು ಮೇಲೆ ತಂದು ನಮ್ಮ ಹಜಾರದಲ್ಲಿ ಕೂರಿಸಿದೆ. ಆ ವರ್ಷ ಚಳಿ ಬಂದಾಗ ಯಾರನ್ನೂ ಕರೆಯಲಿಲ್ಲ, ಕರೆಯುವುದು ಹೇಗೆಂದು ವನಜಳಿಗೆ ಗೊತ್ತಾಗಲಿಲ್ಲ. ಕರೆಯುವ ಕ್ರಮವೇ ಇರಲಿಲ್ಲ. ಉಮ್ ಜಾಸಿಮಳ ಕಾಲದಿಂದಲೂ ವರ್ಷದ ಮೊದಲ ಹೊಗೆಯೇ ಕರೆಯೋಲೆ. ಪೈಪಿನಿಂದ ಹೊಗೆ ಎದ್ದದ್ದು ಕಂಡರೆ ಆ ಸಂಜೆ ಎಲ್ಲರೂ ಬರುವುದು. ಹಾಗೇ ಬಂದರು. ಮೆಟ್ಟಿಲ ಮೇಲೆ ಚಪ್ಪಲಿಗಳು ಸಾಲಾಗಿ ನಿಂತವು. ನನಗೆ ಕೆಳಗಿಳಿಯಲು ದಾರಿಯಿರಲಿಲ್ಲ.

ಇಲ್ಲಿಯವರೆಗೆ ಬರೆದದ್ದು ಶುಕ್ರವಾರಕ್ಕೆ ಮೊದಲು. ಇಷ್ಟೆಲ್ಲ ಗೊತ್ತಿದ್ದೂ ನಾನು ಶುಕ್ರವಾರ ಏನು ಮಾಡಿದೆ ನೋಡಿ. ಗಿರಾಕಿಗೆ ಒಲೆ ಹೊಗೆ ಎಳೆಯುವುದನ್ನು ತೋರಿಸಬೇಕಲ್ಲ ಎಂದು, ಅವನು ಬರುವ ಮೊದಲೇ ನಾಲ್ಕು ಕೊರಡು ಇಟ್ಟು ಬೆಂಕಿ ಹಚ್ಚಿದೆ. ವ್ಯಾಪಾರದ ತಲೆಯೊಳಗೆ ಬೇರೆ ಯೋಚನೆ ಹೊಗುವುದಿಲ್ಲ.

ಗಿರಾಕಿಯ ಹೆಸರು ಯೂಸುಫ್. ಹೊಸದಾಗಿ ಮದುವೆಯಾದ ಹುಡುಗ, ಚಳಿಗಾಲದ ಡೇರೆಗೆ ಒಲೆ ಬೇಕಂತೆ. ಸುತ್ತು ಬಂದು ನೋಡಿದ, ಬಾಗಿಲು ತೆರೆದು ಮುಚ್ಚಿದ. ನಾನು ನನ್ನ ರೇಟು ಹೇಳಲಿಲ್ಲ, ಅವನದ್ದು ಕೇಳಿದೆ. ಹೇಳಿದ. ಕಡಿಮೆಯೇನಲ್ಲ. ನಾನು ಚಹಾ ತರಲು ವನಜಳ ಕಡೆ ಕಣ್ಣು ಹಾಕುವಷ್ಟರಲ್ಲಿ ಮೆಟ್ಟಿಲಲ್ಲಿ ಕೆಮ್ಮು ಕೇಳಿಸಿತು. ಎದುರು ಮನೆಯ ಅಜ್ಜಿ, ದೀಪಾಳ ಎದೆಗೆ ಅಂಗೈ ಒತ್ತಿದವಳು, ಕಂಬಿ ಹಿಡಿದು ಹತ್ತಿ ಬರುತ್ತಿದ್ದಳು. ಹಿಂದೆ ಅವಳ ಸೊಸೆ. ಅದರ ಹಿಂದೆ ಇನ್ನಿಬ್ಬರು. “ಉಮ್ ದೀಪಾ, ಈ ವರ್ಷ ಹೊಗೆ ಕಾಣಿಸುವುದೋ ಇಲ್ಲವೋ ಎಂದುಕೊಂಡಿದ್ದೆ” ಎಂದಳು ಅಜ್ಜಿ, ಯೂಸುಫನನ್ನು ದಾಟಿ ಹೋಗಿ ತನ್ನ ಜಾಗದಲ್ಲಿ ಕುಳಿತು. ಒಲೆ ಮಾರುವ ಸುದ್ದಿ ಗಲ್ಲಿಗೆಲ್ಲ ಗೊತ್ತಿತ್ತು. ಯಾರೂ ಆ ಮಾತೆತ್ತಲಿಲ್ಲ.

ವನಜ ಹಾಲು ಇಟ್ಟಳು. ಶುಂಠಿ ಜಜ್ಜಿ ಹಾಕಿದಳು.  ಮೊದಲ ಲೋಟವನ್ನು ಯೂಸುಫನಿಗೆ ಕೊಟ್ಟಳು, ಅವನು ಕುಡಿದ. ಮತ್ತೆ ಬಗ್ಗಿಸಿದಳು. ಸುಮ್ಮನೆ ಕುಳಿತಳು. ಆ ಕುಳಿತ ಭಂಗಿ, ಮೊಣಕಾಲ ಮೇಲಿಟ್ಟ ಕೈ, ಬೆಂಕಿಯ ಕಡೆಗೆ ಇಟ್ಟ ಅರ್ಧಗಣ್ಣು. ಎಲ್ಲ ಉಮ್ ಜಾಸಿಮಳದು. ಹುಡುಗ ಲೋಟ ತಿರುಗಿಸಿದ, ಪೈಪು ನೋಡಿದ, ಅಜ್ಜಿಯನ್ನು ನೋಡಿದ, ತನ್ನ ರೇಟನ್ನು ತಾನೇ ಏರಿಸಿದ. ನನ್ನ ಮನಸ್ಸಿನಲ್ಲಿದ್ದದ್ದಕ್ಕಿಂತ ಹೆಚ್ಚೇ ಆಯಿತು. ನಾನು ಬಾಯಿ ತೆರೆದೆ.

ವನಜ ಅವನನ್ನು ಅರಬ್ಬಿಯಲ್ಲಿ ಕೇಳಿದಳು, ಈ ಗಲ್ಲಿಯವರ ಅರಬ್ಬಿಯಲ್ಲಿ, ತಾಯಿ ಮಗನನ್ನು ಕೇಳುವ ಹಾಗೆ: ಬಿಚ್ಚಿ ಒಯ್ದ ಮೇಲೆ ಪೈಪನ್ನು ಹೇಗೆ ಜೋಡಿಸುತ್ತೀ ಮಗಾ, ಸುಕ್ಕಿನ ಬಾಯಿ ಮೇಲಕ್ಕೋ ಕೆಳಕ್ಕೋ?

ಮೇಲಕ್ಕೆ, ಎಂದ ಯೂಸುಫ್. ಹೊಗೆ ಮೇಲಕ್ಕಲ್ಲವೇ ಹೋಗುವುದು.

“ಮಾಯ್ ತಹತ್” ಎಂದರು ಹೆಂಗಸರು, ಅಜ್ಜಿಯೂ ಸೊಸೆಯೂ ಎಲ್ಲರೂ ಒಟ್ಟಿಗೆ, ಮಗ್ಗಿ ಒಪ್ಪಿಸುವ ಮಕ್ಕಳ ಹಾಗೆ. ಹಜಾರ ನಗುವಿನಲ್ಲಿ ಮುಳುಗಿತು. ಹುಡುಗನೂ ನಕ್ಕ.

ನಗು ನಿಂತ ಮೇಲೆ ವನಜ ಅವನಿಗೆ ಹೇಳಿದಳು, ಮಾರ್ಚ್ ತಿಂಗಳಲ್ಲಿ ಬಾ, ಜೋಡಿಸುವುದನ್ನೂ ಕಲಿಸಿ ಕೊಡುತ್ತೇನೆ. ಮಾರ್ಚಿನಲ್ಲಿ ಒಲೆ ಯಾರಿಗೆ ಬೇಕು ಖಾಲಾ, ಎಂದ ಅವನು, ಚಿಕ್ಕಮ್ಮನನ್ನು ಕರೆಯುವ ಹಾಗೆ. ಯಾರಿಗೂ ಬೇಡ, ಅದಕ್ಕೇ ಅಗ್ಗಕ್ಕೆ ಸಿಗುತ್ತದೆ ಎಂದಳು. ಯೂಸುಫ್ ಮೂರನೇ ಲೋಟ ಹಾಲು ಕುಡಿದು, ಹೆಂಡತಿಯನ್ನೂ ಒಂದು ದಿನ ಕರೆತರುತ್ತೇನೆ ಎಂದು ಹೇಳಿ, ಖಾಲಿ ಪಿಕಪ್ ಓಡಿಸಿಕೊಂಡು ಹೋದ.

ಎಲ್ಲರೂ ಇಳಿದುಹೋದ ಮೇಲೆ ನಾನು ಲೋಟಗಳನ್ನು ಎತ್ತಿ ತೊಳೆಯುವ ಜಾಗಕ್ಕೆ ಒಯ್ದೆ. ಗಿರಾಕಿಗಳ ಮೌನವನ್ನು ನಾನು ತೂಕ ಹಾಕಿ ಹೇಳಬಲ್ಲೆ, ಇವನು ಕೊಳ್ಳುತ್ತಾನೆ, ಇವನು ಎದ್ದು ಹೋಗುತ್ತಾನೆ ಎಂದು. ಮನೆಯೊಳಗೇ ತಿಂಗಳುಗಟ್ಟಲೆ ಒಬ್ಬಳು ಸುಮ್ಮನಿದ್ದದ್ದನ್ನು ಒಪ್ಪಿಗೆ ಎಂದು ಬರೆದುಕೊಂಡಿದ್ದೆ.

“ಹಾಗಾದರೆ ಟಿಕೆಟಿನ ಕಥೆ ಎಂತದು?” ಎಂದು ಕೇಳಿದೆ.

ವನಜ ಒಲೆಯ ಬಾಗಿಲು ತೆರೆದು ಕೆಂಡ ಕೆದಕುತ್ತಿದ್ದಳು. ತಿರುಗಲಿಲ್ಲ. “ಈ ಚಳಿ ಒಂದು ಕಳೆಯಲಿ” ಎಂದಳು. “ಆಮೇಲೆ ನೋಡುವ.”

ಆ ಮಾತಿನ ಬೆಲೆ ನನಗೆ ಗೊತ್ತು, ಅದನ್ನು ಈ ಮನೆಯಲ್ಲಿ ಮೊದಲು ಆಡಿದವನು ನಾನೇ. ನಾನು ಹೇಳಿದ್ದ ಆ ಚಳಿ ಕಳೆದು ದೀಪಾ ಬೆಳೆದು ಮದುವೆಯಾಗಿ ಮೈಸೂರು ಸೇರಿದಳು.

ನೆಲದ ಮೇಲೆ ಕಟ್ಟಿಗೆಯಿಟ್ಟಿದ್ದ ಮೂಲೆ ನೋಡಿದೆ. ಎರಡು ತುಂಡು ಉಳಿದಿದ್ದವು, ಅದರಲ್ಲೊಂದು ದಬ್ ಎನ್ನುವುದು. ನಾಳೆ ಬೆಳಿಗ್ಗೆಯೇ ಹೋಗಬೇಕು. ತಡವಾಗಿದೆ, ಡೇರೆಯವರೆಲ್ಲ ಆಗಲೇ ಹೊರಟಿರುತ್ತಾರೆ. ಕಟ್ಟಿಗೆಯವನು ಈ ಸಲ ಬಾಯಿಗೆ ಬಂದ ರೇಟು ಹೇಳುತ್ತಾನೆ, ಕೊಡುವುದೇ. ಬರುವಾಗ ಸೀಮೆಸುಣ್ಣವನ್ನೂ ತರಲು ವನಜ ಹೇಳಿದಳು, ಒಲೆಗೆ ಗೆರೆ ಎಳೆಯಲಿಕ್ಕುಂಟಂತೆ.